ಮೂವತ್ತು ಮಂಚಗಳ ವಾರ್ಡ್ ಮತ್ತು ಫ್ಲಾರೆನ್ಸ್ ನೈಟಿಂಗೇಲ್

ಹೋದ ವರ್ಷ ದಸರಾ ರಜೆಯಲ್ಲಿ ನಾನು ಒಂದು ಪುಟವೂ ಓದಲಿಲ್ಲ. ಹನ್ನೊಂದು ದಿನ ಆಸ್ಪತ್ರೆಯಲ್ಲಿ ಅಜ್ಜಿ ಜೊತೆ ಇದ್ದೆ. ಅಜ್ಜಿ ಇರೋದು ಚನ್ನಗಿರಿ ಹತ್ತಿರದ ಒಂದು ಹಳ್ಳಿಯಲ್ಲಿ. ಅಡಿಕೆ ಕೊಯ್ಲಿನ ಸಮಯ, ಅಂಗಳದ ತುಂಬಾ ಜನ, ಅದರ ಮಧ್ಯೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯ್ತು. ಆಮೇಲೆ ಶುರುವಾಗಿದ್ದೇ ನಮ್ಮ ಮನೆಯವರ ಜಗಳ.

ಜಗಳೂರಿನ ದೊಡ್ಡ ಮಾವ ಸ್ಪೆಷಲ್ ವಾರ್ಡೇ ಆಗಬೇಕು ಅಂತ ಹಟ ಹಿಡಿದರು. ಅವ್ವನನ್ನ ಹತ್ತು ಜನರ ಮಧ್ಯೆ ಮಲಗಿಸಿದರೆ ಊರವರು ಏನಂತಾರೆ ಅನ್ನೋದು ಅವರ ಚಿಂತೆ. ಹೊನ್ನಾಳಿಯ ಚಿಕ್ಕಮ್ಮ ದುಡ್ಡಿನ ಲೆಕ್ಕ ಹಾಕ್ತಾ ಕೂತರು. ನ್ಯಾಮತಿಯಿಂದ ಬಂದಿದ್ದ ನಮ್ಮಮ್ಮ ಇಬ್ಬರ ಮಧ್ಯೆ ಸಿಕ್ಕಿಹಾಕಿಕೊಂಡರು. ಕೊನೆಗೆ ಮಾವನೇ ಗೆದ್ದರು. ಒಂದು ರೂಮು, ಒಂದು ಮಂಚ, ಅಟ್ಯಾಚ್ಡ್ ಬಾತ್‌ರೂಮ್, ಗೋಡೆಗೆ ಟಿವಿ. ಮಂಚದ ಪಕ್ಕ ಸಿಸ್ಟರ್‌ನ ಕರೆಯೋಕೆ ಒಂದು ಬೆಲ್ಲು, ಅದು ಕೆಟ್ಟಿತ್ತು. ಆಸ್ಪತ್ರೆ ಹೆಸರು ಬೇಡ ಬಿಡಿ.

ಮೂರು ದಿನದಲ್ಲಿ ಅಜ್ಜಿ ಮಾತು ನಿಲ್ಲಿಸಿಬಿಟ್ಟರು. ಊಟ ಮುಟ್ಟಲಿಲ್ಲ. ಮೂರನೇ ರಾತ್ರಿ ನನ್ನನ್ನೇ ನೋಡಿ ನೀನ್ಯಾರಪ್ಪ ಅಂತ ಕೇಳಿದಾಗ ನನಗೆ ಕೈಕಾಲು ತಣ್ಣಗಾಯ್ತು. ಬೆಳಗ್ಗೆ ಸ್ವಲ್ಪ ಸರಿಯಾದ ಮೇಲೆ ಒಂದೇ ಮಾತು, ನನ್ನನ್ನ ಜನ ಇರೋ ಕಡೆ ಹಾಕಿ ಅಂತ. ಜನರಲ್ ವಾರ್ಡಿಗೆ ಶಿಫ್ಟ್ ಮಾಡಿದೆವು. ಮಾವ ಎರಡು ದಿನ ಮಾತಾಡಲಿಲ್ಲ.

ಆ ಉದ್ದನೆಯ ಹಾಲ್‌ನಲ್ಲಿ, ಎರಡು ಸಾಲು ಮಂಚಗಳ ನಡುವೆ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತು, ಇದನ್ನ ಹೀಗೆ ಕಟ್ಟಬೇಕು ಅಂತ ಮೊದಲು ಯಾರಿಗೆ ಹೊಳೆದಿರಬಹುದು ಅಂತ ಮೊಬೈಲ್‌ನಲ್ಲಿ ಹುಡುಕಿದೆ. ಸಿಕ್ಕಿದ ಹೆಸರು ಫ್ಲಾರೆನ್ಸ್ ನೈಟಿಂಗೇಲ್. ಸ್ಕೂಲಿನಲ್ಲಿ ಕೈಯಲ್ಲಿ ದೀಪ ಹಿಡಿದ ಕರುಣಾಮಯಿ ಅಂತ ಓದಿ ಮರೆತಿದ್ದ ಅದೇ ಹೆಂಗಸು. ಆ ಪಾಠದಲ್ಲಿ ಒಂದು ವಿಷಯ ಬಿಟ್ಟೇ ಬಿಟ್ಟಿದ್ದರು. ಈಕೆ ಹೆಚ್ಚುಕಮ್ಮಿ ನಮ್ಮ ಕಡೆಯವಳು, ಅಂದರೆ ಎಂಜಿನಿಯರ್ ತಲೆಯವಳು.

ಹುಟ್ಟಿದ್ದು 1820ರ ಮೇ 12, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಶ್ರೀಮಂತ ಇಂಗ್ಲಿಷ್ ದಂಪತಿ ಯೂರೋಪ್ ಸುತ್ತುತ್ತಿದ್ದಾಗ ಮಕ್ಕಳಾದವು, ಹುಟ್ಟಿದ ಊರಿನ ಹೆಸರನ್ನೇ ಇಟ್ಟುಬಿಟ್ಟರು. ಅಕ್ಕ ಹುಟ್ಟಿದ್ದು ನೇಪಲ್ಸ್‌ನಲ್ಲಿ, ಆ ಊರಿನ ಹಳೆಯ ಗ್ರೀಕ್ ಹೆಸರಾದ ಪಾರ್ಥೆನೋಪೆ ಅವಳ ಪಾಲಿಗೆ ಬಂತು. ಅಪ್ಪನೇ ಮನೆಯಲ್ಲಿ ಲ್ಯಾಟಿನ್, ಗ್ರೀಕ್, ಚರಿತ್ರೆ ಎಲ್ಲ ಹೇಳಿಕೊಟ್ಟ. ಫ್ಲಾರೆನ್ಸ್‌ಗೆ ಬೇಕಾಗಿದ್ದದ್ದು ಗಣಿತ. ಹೆಣ್ಣುಮಗಳಿಗೆ ಗಣಿತ ಯಾಕೆ ಅಂತ ಅಮ್ಮನ ತಕರಾರು. ತುಂಬಾ ಗೋಗರೆದ ಮೇಲೆ ಮೇಷ್ಟರು ಸಿಕ್ಕರು.

ಹದಿನಾರು ಹದಿನೇಳರ ವಯಸ್ಸಿಗೆ ತನ್ನಿಂದ ಏನೋ ಕೆಲಸ ಆಗಬೇಕಿದೆ, ದೇವರೇ ಕರೆದಿದ್ದಾನೆ ಅಂತ ಆಕೆಗೆ ಅನಿಸಿತು. ಅದು ನರ್ಸಿಂಗ್ ಅಂತ ಗೊತ್ತಾಗೋಕೆ ಇನ್ನೂ ಕೆಲವು ವರ್ಷ ಬೇಕಾಯ್ತು. ಆಗಿನ ಕಾಲದಲ್ಲಿ ಒಳ್ಳೆ ಮನೆಯ ಹೆಣ್ಣುಮಗಳು ಆಸ್ಪತ್ರೆ ಕೆಲಸಕ್ಕೆ ಹೋಗುವುದು ಅಂದರೆ ಮರ್ಯಾದೆ ಹೋಗೋ ವಿಷಯ. ಬಂದ ಗಂಡುಗಳನ್ನೆಲ್ಲ ಬೇಡ ಅಂದಳು. 1851ರಲ್ಲಿ, ಮೂವತ್ತೊಂದನೆಯ ವಯಸ್ಸಿಗೆ, ಜರ್ಮನಿಯ ಕೈಸರ್ಸ್‌ವರ್ತ್ ಅನ್ನೋ ಕಡೆ ಮೂರು ತಿಂಗಳು ತರಬೇತಿ ಪಡೆದಳು. ಅಷ್ಟೇ ಆಕೆಯ ಡಿಗ್ರಿ.

ಮೊದಲ ಕೆಲಸ ಸಿಕ್ಕಿದ್ದು 1853ರಲ್ಲಿ, ಲಂಡನ್ನಿನ ಹಾರ್ಲಿ ಸ್ಟ್ರೀಟ್‌ನಲ್ಲಿ. ಕಾಯಿಲೆ ಬಿದ್ದ ಮರ್ಯಾದಸ್ಥ ಹೆಂಗಸರಿಗಾಗಿ ಇದ್ದ ಒಂದು ಚಿಕ್ಕ ಸಂಸ್ಥೆ. ಅಲ್ಲಿಗೆ ಹೋದ ತಕ್ಷಣ ಆಕೆ ಮಾಡಿಸಿದ್ದು ಪ್ಲಂಬಿಂಗ್ ಕೆಲಸ! ಪ್ರತಿ ಮಹಡಿಗೂ ಪೈಪಿನಲ್ಲಿ ಬಿಸಿನೀರು. ಊಟ ಮೇಲೆ ಹೋಗೋಕೆ ಒಂದು ಲಿಫ್ಟು. ಮತ್ತೆ ರೋಗಿಗಳು ಬೆಲ್ ಒತ್ತಿದರೆ ನರ್ಸ್ ಇರುವ ಮಹಡಿಯಲ್ಲಿ ಬೆಲ್ ಹೊಡೆಯೋದಷ್ಟೇ ಅಲ್ಲ, ಯಾರು ಕರೆದರೋ ಅವರ ನಂಬರಿನ ಒಂದು ಪುಟ್ಟ ಮುಚ್ಚಳ ತೆರೆದುಕೊಂಡು ಹಾಗೇ ನಿಲ್ಲಬೇಕು, ನರ್ಸ್ ಬಂದು ನೋಡುವವರೆಗೂ. ಕರೆಂಟ್ ಇಲ್ಲದ ಕಾಲದಲ್ಲಿ ಇದೊಂದು ಇಂಡಿಕೇಟರ್ ಪ್ಯಾನೆಲ್. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಲ್ಯಾಚ್, ಇನ್‌ಪುಟ್ ಹೋದರೂ ಸ್ಟೇಟ್ ಉಳಿಯುತ್ತೆ. ನರ್ಸ್‌ಗಳು ದಿನವಿಡೀ ಮೆಟ್ಟಿಲು ಹತ್ತಿ ಇಳಿಯೋದು ತಪ್ಪದೆ ಇದ್ದರೆ ಅವರಿಂದ ಒಳ್ಳೆಯ ಆರೈಕೆ ಸಾಧ್ಯವಿಲ್ಲ ಅನ್ನೋದು ಆಕೆಯ ವಾದ. 1853ರ ಬೆಲ್ ಬಗ್ಗೆ ಓದುವಾಗ ನನ್ನ ತಲೆಯಲ್ಲಿ ಇದ್ದದ್ದು ಯಾವ ಬೆಲ್ ಅಂತ ನಿಮಗೆ ಗೊತ್ತು.

ಮುಂದಿನ ವರ್ಷ ಕ್ರಿಮಿಯಾ ಯುದ್ಧ. ಗಾಯಗೊಂಡ ಬ್ರಿಟಿಷ್ ಸೈನಿಕರು ಹಡಗಿನಲ್ಲಿ ಬಂದು ಬೀಳುತ್ತಿದ್ದದ್ದು ಇಸ್ತಾನ್‌ಬುಲ್ ಎದುರಿನ ಸ್ಕುಟಾರಿಯಲ್ಲಿ. ಅಲ್ಲಿನ ದುರವಸ್ಥೆ ಪತ್ರಿಕೆಗಳಲ್ಲಿ ಬಂದು ಇಡೀ ಇಂಗ್ಲೆಂಡ್ ಕುದಿಯಿತು. 1854ರ ಅಕ್ಟೋಬರ್‌ನಲ್ಲಿ 38 ಹೆಂಗಸರನ್ನು ಕರೆದುಕೊಂಡು ನೈಟಿಂಗೇಲ್ ಹೊರಟಳು, ನವೆಂಬರ್ ಮೊದಲ ವಾರ ತಲುಪಿದಳು. ಆಸ್ಪತ್ರೆ ಅಂದರೆ ಟರ್ಕಿಯವರ ಹಳೇ ಬ್ಯಾರಕ್ಕು. ಕಾರಿಡಾರ್‌ಗಳಲ್ಲಿ ಮೈಲುಗಟ್ಟಲೆ ಹಾಸಿಗೆಗಳ ಸಾಲು. ಕೆಳಗಡೆ ಕಟ್ಟಿಕೊಂಡ ಚರಂಡಿ. ಸೋಪು, ಟವೆಲ್, ಚಮಚ ಕೂಡ ಇಲ್ಲ. ಡಾಕ್ಟರ್‌ಗಳಿಗೆ ಈ ಹೆಂಗಸರು ಬಂದದ್ದೇ ಇಷ್ಟವಿರಲಿಲ್ಲ.

ಆಕೆ ಅಡುಗೆಮನೆ ಸರಿಮಾಡಿದಳು, ಬಟ್ಟೆ ಒಗೆಯೋ ವ್ಯವಸ್ಥೆ ಮಾಡಿದಳು, ರಾತ್ರಿ ವಾರ್ಡ್ ಸುತ್ತಿದಳು. ದೀಪದ ಕಥೆ ನಿಜವೇ. ಆದರೆ ನಮ್ಮ ನರ್ಸಿಂಗ್ ಕಾಲೇಜುಗಳ ಲೋಗೋದಲ್ಲಿ ಇರೋ ಅಲ್ಲಾವುದ್ದೀನನ ದೀಪ ಅಲ್ಲ ಅದು, ಮಡಚಬಹುದಾದ ಟರ್ಕಿ ಲಾಂದ್ರ. ಇಷ್ಟೆಲ್ಲ ಆದರೂ ಸಾವು ಕಮ್ಮಿ ಆಗಲಿಲ್ಲ. ಪಾಠದಲ್ಲಿ ಇದನ್ನ ಹೇಳೋದೇ ಇಲ್ಲ. ಆಕೆ ಬಂದು ಮೂರು ತಿಂಗಳಾದ ಮೇಲೆ, 1855ರ ಫೆಬ್ರವರಿಯಲ್ಲಿ, ಸಾವಿನ ಪ್ರಮಾಣ ನೂರಕ್ಕೆ 42 ಮುಟ್ಟಿತ್ತು. ಗುಂಡೇಟಿಗಲ್ಲ, ಬಹುಪಾಲು ಭೇದಿ, ಕಾಲರಾ, ಟೈಫಸ್‌ನಂಥ ಕಾಯಿಲೆಗಳಿಗೆ.

ಮಾರ್ಚ್‌ನಲ್ಲಿ ಇಂಗ್ಲೆಂಡಿನಿಂದ ಸ್ಯಾನಿಟರಿ ಕಮಿಷನ್ ಬಂತು. ಅದರಲ್ಲಿ ಜಾನ್ ಸದರ್ಲ್ಯಾಂಡ್ ಅನ್ನೋ ಡಾಕ್ಟರ್, ರಾಬರ್ಟ್ ರಾಲಿನ್‌ಸನ್ ಅನ್ನೋ ಸಿವಿಲ್ ಎಂಜಿನಿಯರ್ ಇದ್ದರು. ಚರಂಡಿ ತೊಳೆಸಿದರು, ಸತ್ತ ಪ್ರಾಣಿಗಳನ್ನು ತೆಗೆಸಿದರು, ನೀರಿನ ದಾರಿ ಶುದ್ಧ ಮಾಡಿಸಿದರು, ಗಾಳಿ ಆಡೋಕೆ ಜಾಗ ಮಾಡಿಸಿದರು, ಗೋಡೆಗೆ ಸುಣ್ಣ ಹೊಡೆಸಿದರು. ಜೂನ್ ಹೊತ್ತಿಗೆ 42 ಇದ್ದದ್ದು ಸುಮಾರು 2ಕ್ಕೆ ಇಳಿಯಿತು. ಸಿವಿಲ್ ಬ್ರಾಂಚ್ ಗೆಳೆಯರೇ, ನಿಮ್ಮನ್ನು ಗೇಲಿ ಮಾಡಿದವರಿಗೆ ಇದನ್ನು ತೋರಿಸಿ.

ಅದೇ ಹೊತ್ತಿಗೆ ಇನ್ನೊಬ್ಬ ಎಂಜಿನಿಯರ್ ಕೂಡ ಇದೇ ಪ್ರಾಬ್ಲಂ ಹಿಡಿದುಕೊಂಡಿದ್ದ. ರೈಲು, ಸೇತುವೆ, ಹಡಗು ಕಟ್ಟಿದ ಇಸಂಬಾರ್ಡ್ ಕಿಂಗ್‌ಡಮ್ ಬ್ರುನೆಲ್. ಇಂಗ್ಲೆಂಡಿನಲ್ಲಿ ಮರದ ಭಾಗಗಳನ್ನು ತಯಾರಿಸಿ, ಹಡಗಿನಲ್ಲಿ ಕಳಿಸಿ, ಟರ್ಕಿಯ ರೆಂಕಿಯೋಯ್‌ನಲ್ಲಿ ಜೋಡಿಸಿದ ಪ್ರಿಫ್ಯಾಬ್ ಆಸ್ಪತ್ರೆ ಅವನದು. ಒಂದೊಂದು ಕಟ್ಟಡಕ್ಕೆ 50 ರೋಗಿಗಳು, ಎರಡು ವಾರ್ಡಾಗಿ. ಕೈಯಿಂದ ತಿರುಗಿಸೋ ಫ್ಯಾನಿನಿಂದ ಒಳಗೆ ಗಾಳಿ. ಅಲ್ಲಿ ಚಿಕಿತ್ಸೆ ಪಡೆದ ಸುಮಾರು 1300 ಜನರಲ್ಲಿ ಸತ್ತವರು 50ರ ಆಸುಪಾಸು. ರೋಗಿಗಳು ಸ್ಕುಟಾರಿಯ ಆ ಭಯಂಕರ ಚಳಿಗಾಲ ಕಳೆದ ಮೇಲೆ ಬಂದವರು, ಹಾಗಾಗಿ ನೇರ ಹೋಲಿಕೆ ಅನ್ಯಾಯ. ಆದರೂ ಕಟ್ಟಡ ಅನ್ನೋದು ಬರೀ ಗೋಡೆ ಅಲ್ಲ ಅಂತ ಗೊತ್ತಾಗೋಕೆ ಸಾಕು.

1856ರ ಆಗಸ್ಟ್‌ನಲ್ಲಿ ನೈಟಿಂಗೇಲ್ ವಾಪಸ್ ಬಂದಾಗ ಇಡೀ ದೇಶಕ್ಕೆ ದೇವತೆಯಾಗಿದ್ದಳು. ಮೆರವಣಿಗೆ ಬೇಡ ಅಂತ ಸುಳ್ಳು ಹೆಸರಿನಲ್ಲಿ ಪ್ರಯಾಣ ಮಾಡಿ ಸದ್ದಿಲ್ಲದೆ ಮನೆ ಸೇರಿದಳು. ಆಮೇಲೆ ವಿಲಿಯಂ ಫಾರ್ ಅನ್ನೋ ಅಂಕಿಅಂಶ ತಜ್ಞನ ಜೊತೆ ಕೂತು ಲೆಕ್ಕ ಶುರು ಮಾಡಿದಳು. ತಾನು ರಾತ್ರಿ ದೀಪ ಹಿಡಿದು ಓಡಾಡಿದ ಆಸ್ಪತ್ರೆಯಲ್ಲೇ ಆ ಪಾಟಿ ಸಾವು ಯಾಕಾಯ್ತು? ಲೆಕ್ಕ ಹೇಳಿದ ಉತ್ತರ ನೇರವಾಗಿತ್ತು. ಕಟ್ಟಡದ ಕೊಳೆ ಕೊಂದಿದೆ, ಬರೀ ಆರೈಕೆಯಿಂದ ಅದನ್ನು ತಡೆಯೋಕೆ ಆಗಿಲ್ಲ. ಇದನ್ನ ಮುಚ್ಚಿಡಬಹುದಿತ್ತು. ಆಕೆ ಮುಚ್ಚಿಡಲಿಲ್ಲ, ಚಿತ್ರ ಬರೆದಳು. 1858ರ ಆ ಪ್ರಸಿದ್ಧ ಡಯಾಗ್ರಾಮ್ ನೀವು ಡೇಟಾ ಸೈನ್ಸ್ ಕ್ಲಾಸಿನಲ್ಲಿ ನೋಡಿರಬಹುದು. ವರ್ಷದ ಹನ್ನೆರಡು ತಿಂಗಳಿಗೆ ಹನ್ನೆರಡು ಹೋಳು, ಹೂವಿನ ದಳದ ಹಾಗೆ. ಸಾವಿನ ಸಂಖ್ಯೆ ಇರೋದು ವಿಸ್ತೀರ್ಣದಲ್ಲಿ, ತ್ರಿಜ್ಯದಲ್ಲಲ್ಲ. ಸಾವು ನಾಲ್ಕು ಪಟ್ಟಾದರೆ ತ್ರಿಜ್ಯ ಎರಡು ಪಟ್ಟು ಮಾತ್ರ. ಗಾಯದಿಂದ ಸತ್ತವರ ಬಣ್ಣ ಚೂರೇ ಚೂರು, ತಡೆಯಬಹುದಾಗಿದ್ದ ಕಾಯಿಲೆಯ ನೀಲಿ ಇಡೀ ಪುಟ ತುಂಬಿದೆ. ಟೇಬಲ್ ಓದಲು ಪುರುಸೊತ್ತಿಲ್ಲದ ಮಂತ್ರಿಗಳಿಗೂ ಅರ್ಥ ಆಗಬೇಕು ಅನ್ನೋದು ಉದ್ದೇಶ. ಅದೇ ವರ್ಷ ಸ್ಟಾಟಿಸ್ಟಿಕಲ್ ಸೊಸೈಟಿಯ ಮೊದಲ ಮಹಿಳಾ ಸದಸ್ಯೆಯಾದಳು.

ಈಗ ವಾರ್ಡ್ ವಿಷಯಕ್ಕೆ ಬರೋಣ. 1859ರಲ್ಲಿ ಆಸ್ಪತ್ರೆ ಕಟ್ಟೋದು ಹೇಗೆ ಅಂತಲೇ ಒಂದು ಪುಸ್ತಕ ಬರೆದಳು. ಆಸ್ಪತ್ರೆ ಮಾಡಬೇಕಾದ ಮೊದಲ ಕೆಲಸ ರೋಗಿಗೆ ಕೆಡುಕು ಮಾಡದೆ ಇರೋದು, ಅಲ್ಲಿಂದಲೇ ಪುಸ್ತಕ ಶುರು. ಆಕೆಯ ಪ್ರಕಾರ ವಾರ್ಡ್ ಅಂದರೆ ಮೂವತ್ತರ ಆಸುಪಾಸು ಮಂಚಗಳಿರುವ ಉದ್ದನೆಯ ಎತ್ತರದ ಹಾಲ್. ಎದುರುಬದುರು ಗೋಡೆಯಲ್ಲಿ ಕಿಟಕಿಗಳು, ಗಾಳಿ ಅಡ್ಡ ಹಾಯಬೇಕು. ಒಂದು ಬ್ಲಾಕಿನ ಗಾಳಿ ಇನ್ನೊಂದಕ್ಕೆ ಹೋಗದ ಹಾಗೆ ಬೇರೆ ಬೇರೆ ಕಟ್ಟಡ, ನಡುವೆ ಕಾರಿಡಾರ್. ಕಕ್ಕಸು, ಸ್ನಾನದ ಮನೆ ವಾರ್ಡಿನ ತುದಿಗೆ. ಸಿಸ್ಟರ್ ರೂಮಿನಿಂದ ವಾರ್ಡ್ ಕಾಣೋಕೆ ಒಂದು ಕಿಟಕಿ. ಇದು ಆಕೆಯೇ ಕಂಡುಹಿಡಿದದ್ದಲ್ಲ, ಫ್ರಾನ್ಸಿನಲ್ಲಿ ಆಗಲೇ ಇತ್ತು. ಪ್ಯಾರಿಸ್ಸಿನ ಲಾರಿಬ್ವಾಸಿಯೇರ್ ಆಸ್ಪತ್ರೆಯನ್ನು ಆಕೆ ಹೊಗಳಿದ್ದಾಳೆ. ಆದರೆ ಲೋಕಕ್ಕೆಲ್ಲ ಹರಡಿದ್ದು ಆಕೆಯ ಹೆಸರಿನಿಂದ, ಇವತ್ತಿಗೂ ಅದನ್ನ ನೈಟಿಂಗೇಲ್ ವಾರ್ಡ್ ಅಂತಲೇ ಕರೀತಾರೆ.

ಅದು ನಮ್ಮಲ್ಲಿಗೂ ಬಂತು. ಬೆಂಗಳೂರಿನ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೆ 1866ರಲ್ಲಿ ಅಡಿಗಲ್ಲು ಹಾಕಿದ್ದು, 1868ರಲ್ಲಿ ತೆರೆದದ್ದು. ಅದರ ಪ್ಲಾನ್‌ಗೆ ಮಾದರಿ ಅದೇ ಪ್ಯಾರಿಸ್ಸಿನ ಲಾರಿಬ್ವಾಸಿಯೇರ್! ಆಗ ಮೈಸೂರು ಸಂಸ್ಥಾನದ ಕಮಿಷನರ್ ಆಗಿದ್ದವನು ಲೆವಿನ್ ಬೌರಿಂಗ್. ಚನ್ನಗಿರಿ, ಹೊನ್ನಾಳಿ, ಜಗಳೂರು ಎಲ್ಲ ಅವನ ಆಡಳಿತದೊಳಗೇ ಇದ್ದವು. ದಾವಣಗೆರೆ ಜಿಲ್ಲೆ ಅಂತ ಒಂದಾಗೋಕೆ 1997 ಬರಬೇಕಾಯ್ತು, ನ್ಯಾಮತಿ ತಾಲ್ಲೂಕಾಗಿದ್ದಂತೂ ಮೊನ್ನೆ ಮೊನ್ನೆ. ನಮ್ಮ ತಾಲ್ಲೂಕುಗಳಲ್ಲಿ ಎರಡು ಸಾಲು ಮಂಚ, ಎರಡೂ ಕಡೆ ಕಿಟಕಿ ಇರುವ ಹಳೇ ಸರ್ಕಾರಿ ಆಸ್ಪತ್ರೆ ವಾರ್ಡ್ ನೀವು ನೋಡಿದ್ದರೆ, ಅದು ಇದೇ ಮನೆತನದ ದೂರದ ಸಂಬಂಧಿ.

ಒಂಟಿ ರೂಮು ಆಕೆಗೆ ಯಾಕೆ ಇಷ್ಟ ಇರಲಿಲ್ಲ? ಮೊದಲನೆಯದು, ಕಣ್ಣು. ಒಂದು ದೊಡ್ಡ ವಾರ್ಡಿನಲ್ಲಿ ಒಬ್ಬ ನರ್ಸ್ ನಿಂತಲ್ಲಿಂದಲೇ ಎಲ್ಲರನ್ನೂ ನೋಡಬಹುದು. ಅಷ್ಟೇ ಜನರನ್ನು ಸಣ್ಣ ಸಣ್ಣ ರೂಮಿಗೆ ಹಂಚಿದರೆ ನರ್ಸ್‌ಗಳೂ ಹೆಚ್ಚು ಬೇಕು, ಮರೆಯಲ್ಲಿ ಏನಾಗ್ತಿದೆ ಅಂತಲೂ ಗೊತ್ತಾಗಲ್ಲ. ಆಮೇಲೆ ಗಾಳಿ, ಮೂಲೆಗಳು ಹೆಚ್ಚಿದಷ್ಟೂ ಗಾಳಿ ನಿಲ್ಲುತ್ತೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಕಾಯಿಲೆ ಹರಡೋದು ಕೆಟ್ಟ ಗಾಳಿಯಿಂದ ಅಂತ ಆಕೆ ನಂಬಿದ್ದಳು. ಸೂಕ್ಷ್ಮಜೀವಿ, ಸೋಂಕು ಅನ್ನೋದನ್ನ ಬಹಳ ವರ್ಷ ಒಪ್ಪಲೇ ಇಲ್ಲ. ಥಿಯರಿ ತಪ್ಪು, ಡಿಸೈನ್ ಮಟ್ಟಿಗೆ ಸರಿ. ಲ್ಯಾಬಿನಲ್ಲಿ ನಮಗೆ ಹೀಗಾದರೆ ಮಾರ್ಕ್ಸ್ ಕೊಡಲ್ಲ.

ಆದರೆ ಮಲಗಿದವರ ಮನಸ್ಸು ಆಕೆಗೆ ಎಷ್ಟು ಗೊತ್ತಿತ್ತು ಅನ್ನೋದು ಕಾಣೋದು ನರ್ಸಿಂಗ್ ಬಗ್ಗೆ ಆಕೆ ಬರೆದ ಇನ್ನೊಂದು ಚಿಕ್ಕ ಪುಸ್ತಕದಲ್ಲಿ. ದಿನಗಟ್ಟಲೆ ಅದೇ ಗೋಡೆ, ಅದೇ ಸೂರು ನೋಡುವ ಹಿಂಸೆ ಎಂಥದ್ದು, ಕಿಟಕಿಯಿಂದ ಹೊರಗೆ ಕಾಣದಿದ್ದರೆ ಏನಾಗುತ್ತೆ, ಒಂದಿಷ್ಟು ಬಣ್ಣದ ಹೂವು ಮೈಗೂ ಹೇಗೆ ಒಳ್ಳೇದು ಅಂತೆಲ್ಲ ಬರೆದಿದ್ದಾಳೆ. ಬಾಗಿಲ ಹೊರಗೆ ಪಿಸುಪಿಸು ಮಾತಾಡೋದು ಜೋರು ಗಲಾಟೆಗಿಂತ ಕ್ರೂರ ಅಂತಾಳೆ, ಯಾಕಂದ್ರೆ ಒಳಗಿರೋರು ಅದು ತಮ್ಮ ಬಗ್ಗೆಯೇ ಅಂತ ಕಿವಿ ಕೊಟ್ಟು ಸುಸ್ತಾಗ್ತಾರೆ. ನಮ್ಮ ಮಾವ, ಚಿಕ್ಕಮ್ಮ ಮೂರು ದಿನ ಸ್ಪೆಷಲ್ ರೂಮಿನ ಬಾಗಿಲ ಹೊರಗೆ ಮಾಡಿದ್ದು ಇದನ್ನೇ. ನೋಡೋಕೆ ಬಂದು ಏನೂ ಆಗಲ್ಲ ಬಿಡಿ ಅಂತ ಸುಳ್ಳು ಧೈರ್ಯ, ಬಿಟ್ಟಿ ಸಲಹೆ ಕೊಡುವವರಿಗೆ ಅಂತಲೇ ಒಂದು ಅಧ್ಯಾಯ ಇಟ್ಟಿದ್ದಾಳೆ. 1860ರ ಲಂಡನ್ನಿಗೂ ನಮ್ಮ ಹೊನ್ನಾಳಿಗೂ ವ್ಯತ್ಯಾಸವೇ ಇಲ್ಲ ಅನಿಸಿತು.

ಆಮೇಲೆ ಆಕೆ ತನ್ನ ಮಾತನ್ನೇ ಒಂದು ಕಡೆ ತಿದ್ದಿಕೊಂಡಳು. ನನಗೆ ಆಕೆ ಇಷ್ಟವಾದದ್ದು ಇಲ್ಲಿ. ಸೂಲಗಿತ್ತಿಯರಿಗೆ ತರಬೇತಿ ಕೊಡೋಕೆ ಅಂತ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಆಕೆಯ ನಿಧಿಯ ದುಡ್ಡಿನಿಂದ ಹೆರಿಗೆ ವಾರ್ಡ್ ನಡೀತಿತ್ತು. ಬಾಣಂತಿಯರು ಜ್ವರ ಬಂದು ಸಾಯೋಕೆ ಶುರುವಾದರು. 1867ರಲ್ಲಿ ಮುಚ್ಚಬೇಕಾಯ್ತು. ಬೇರೆಯವರಾಗಿದ್ದರೆ ಅಲ್ಲಿಗೆ ಬಿಡ್ತಿದ್ದರೇನೋ. ಆಕೆ ಯೂರೋಪಿನ ಲೆಕ್ಕಗಳನ್ನೆಲ್ಲ ಕಲೆಹಾಕಿದಳು. ಆಸ್ಪತ್ರೆಯಲ್ಲಿ ಹೆತ್ತವರಲ್ಲಿ ಸಾವಿರಕ್ಕೆ ಸುಮಾರು 34 ತಾಯಂದಿರು ಸಾಯ್ತಿದ್ದರು. ಮನೆಯಲ್ಲಿ, ಬಡವರ ಕೊಳಕು ಮನೆಗಳನ್ನೂ ಸೇರಿಸಿ, ಸಾವಿರಕ್ಕೆ 5ರ ಆಸುಪಾಸು. 1871ರ ಪುಸ್ತಕದಲ್ಲಿ ಬಾಣಂತಿಯರನ್ನು ದೊಡ್ಡ ವಾರ್ಡಿನಲ್ಲಿ ಸೇರಿಸಲೇಬೇಡಿ, ಒಂದೊಂದೇ ಮಂಚದ ರೂಮು ಅಥವಾ ಬೆರಳೆಣಿಕೆಯ ಮಂಚಗಳ ಸಣ್ಣ ಕಟ್ಟಡ ಮಾಡಿ ಅಂತ ಬರೆದಳು. ಆ ಪುಸ್ತಕವನ್ನು ಆಕೆ ಅರ್ಪಿಸಿದ್ದು ಸಾಕ್ರಟೀಸನ ತಾಯಿಗೆ, ಆಕೆ ಸೂಲಗಿತ್ತಿಯಾಗಿದ್ದಳಂತೆ. ಅದೇ ವರ್ಷ ಥೇಮ್ಸ್ ದಡದಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯ ಹೊಸ ಕಟ್ಟಡ, ಸಾಲು ಸಾಲು ದೊಡ್ಡ ವಾರ್ಡುಗಳೊಂದಿಗೆ, ಆಕೆಯ ತತ್ವದ ಮೇಲೆ ತೆರೆದುಕೊಂಡಿತ್ತು. ಎರಡೂ ಒಂದೇ ವರ್ಷ!

ಭಾರತಕ್ಕೆ ಆಕೆ ಒಮ್ಮೆಯೂ ಬರಲಿಲ್ಲ. ಆದರೂ ಇಲ್ಲಿನ ಸೇನಾ ಠಾಣೆಗಳಿಗೆಲ್ಲ ಪ್ರಶ್ನೆಪಟ್ಟಿ ಕಳಿಸಿ, ಗಾಡಿಗಟ್ಟಲೆ ಬಂದ ಕಾಗದ ಓದಿ, 1863ರ ವರದಿಯ ಹಿಂದೆ ನಿಂತಳು. ಆಗ ಇಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಜನ ಸಾಯ್ತಿದ್ದರು, ಹತ್ತು ವರ್ಷದಲ್ಲಿ ಅದು 18ಕ್ಕೆ ಇಳಿಯಿತು. ಆಮೇಲೆ ಆಕೆಯ ಗಮನ ಬ್ಯಾರಕ್ಕಿನಿಂದ ಹಳ್ಳಿಗೆ ತಿರುಗಿತು. 1876ರಿಂದ 78ರ ದೊಡ್ಡ ಬರದಲ್ಲಿ ಮದ್ರಾಸು, ಮೈಸೂರು ಸೀಮೆಯ ಜನ ಸಾಯುತ್ತಿದ್ದಾಗ ಕೆರೆ, ಕಾಲುವೆಗೆ ದುಡ್ಡು ಹಾಕಿ ಅಂತ ಸರ್ಕಾರದ ಬೆನ್ನು ಬಿದ್ದಳು. ಸೂಳೆಕೆರೆ ನೋಡಿ ಬೆಳೆದ ನನಗೆ, ಮಳೆ ಇಲ್ಲದ ಜಗಳೂರಿನ ಮಾವನ ಹೊಲ ನೋಡಿದ ನನಗೆ, ಇದನ್ನ ಓದಿ ಒಂಥರಾ ಆಯ್ತು.

ಇಷ್ಟೆಲ್ಲ ಕೆಲಸ ಆಕೆ ಮಾಡಿದ್ದು ಎಲ್ಲಿಂದ ಗೊತ್ತಾ? ಮಂಚದಿಂದ. ಕ್ರಿಮಿಯಾದಲ್ಲಿ ಬಂದ ಜ್ವರ ಬಿಡಲೇ ಇಲ್ಲ. ಅದು ಬ್ರುಸೆಲ್ಲೋಸಿಸ್ ಇರಬಹುದು ಅಂತ ಈಗಿನ ಡಾಕ್ಟರ್‌ಗಳು ಊಹಿಸ್ತಾರೆ. 1857ರ ನಂತರ ಬಹಳಷ್ಟು ವರ್ಷ ಆಕೆ ತನ್ನ ರೂಮಿನಲ್ಲೇ, ಹಾಸಿಗೆಯಲ್ಲೇ. ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಪ್ರವೇಶ, ಅದೂ ಮೊದಲೇ ಹೇಳಿ ಕಳಿಸಿದ್ದರೆ. ಮಂತ್ರಿಗಳೂ ಕಾಯಬೇಕಿತ್ತು. ಅಮ್ಮ, ಅಕ್ಕನನ್ನೂ ದೂರ ಇಟ್ಟಳು. ಲೋಕಕ್ಕೆಲ್ಲ ಮೂವತ್ತು ಮಂಚದ ವಾರ್ಡ್ ಬರೆದುಕೊಟ್ಟಾಕೆ ತಾನು ಆರಿಸಿಕೊಂಡದ್ದು ಒಂಟಿ ರೂಮು. ಅದರಲ್ಲಿ ಕಿಟಕಿ ಇತ್ತು, ಬೆಕ್ಕುಗಳಿದ್ದವು, ಬಾಗಿಲಿನ ಚಿಲಕ ಆಕೆಯ ಕೈಯಲ್ಲಿತ್ತು. ಆ ಚಿಲಕ ಯಾರ ಕೈಯಲ್ಲಿದೆ ಅನ್ನೋದರ ಮೇಲೆ ಬಹಳಷ್ಟು ನಿಂತಿದೆ ಅಂತ ನನಗನಿಸುತ್ತೆ. ನಮ್ಮಜ್ಜಿಯ ರೂಮಿನಲ್ಲಿ ಅದು ಮಾವನ ಕೈಯಲ್ಲಿತ್ತು.

ಈಗ ಕಾಲ ಮತ್ತೆ ಒಂಟಿ ರೂಮಿನ ಕಡೆ ತಿರುಗಿದೆ. ಅಮೆರಿಕದಲ್ಲಿ 2006ರಿಂದ ಹೊಸ ಆಸ್ಪತ್ರೆಗಳಿಗೆ ಒಬ್ಬರಿಗೊಂದು ರೂಮು ಅನ್ನೋದೇ ಮಾನದಂಡ, ಮುಖ್ಯವಾಗಿ ಸೋಂಕಿನ ಭಯಕ್ಕೆ. ಇಂಗ್ಲೆಂಡಿನಲ್ಲಿ ಪೂರ್ತಿ ಒಂಟಿ ರೂಮುಗಳ ಒಂದು ಆಸ್ಪತ್ರೆಯಲ್ಲಿ ಅಧ್ಯಯನ ಮಾಡಿದಾಗ ಮೂರರಲ್ಲಿ ಎರಡು ಪಾಲು ರೋಗಿಗಳು ಒಂಟಿ ರೂಮೇ ಇರಲಿ ಅಂದರು. ಉಳಿದವರಿಗೆ ಒಂಟಿತನ ಕಾಡಿತ್ತು, ನರ್ಸ್‌ಗಳ ನಡಿಗೆ ಹೆಚ್ಚಾಗಿತ್ತು. ಅಂದರೆ ಆಕೆ 1859ರಲ್ಲಿ ಹೇಳಿದ ತೊಂದರೆಗಳು ಹಾಗೇ ಇವೆ.

ಜನರಲ್ ವಾರ್ಡ್ ಸ್ವರ್ಗ ಅಂತ ನಾನು ಹೇಳ್ತಿಲ್ಲ. ಅಲ್ಲಿ ಪರದೆ ಇರಲಿಲ್ಲ. ಬೆಡ್‌ಪ್ಯಾನ್ ಕೊಡುವಾಗ ಅಜ್ಜಿ ಕಣ್ಣು ಮುಚ್ಚಿಕೊಳ್ತಿದ್ದರು, ತಾವು ನೋಡದಿದ್ದರೆ ಬೇರೆಯವರಿಗೂ ಕಾಣಲ್ಲ ಅನ್ನೋ ಹಾಗೆ. ನಾನೂ ಚಿಕ್ಕಮ್ಮನೂ ಸೀರೆ ಹಿಡಿದು ಮರೆ ಮಾಡ್ತಿದ್ದೆವು. ಏಳನೇ ದಿನ ರಾತ್ರಿ ಎದುರು ಸಾಲಿನ ಒಬ್ಬ ಹೆಂಗಸು ತೀರಿಕೊಂಡರು. ಇಡೀ ವಾರ್ಡ್ ಎದ್ದು ಕೂತಿತ್ತು. ಅಜ್ಜಿ ನನ್ನ ಕೈ ಹಿಡಿದುಕೊಂಡೇ ಬೆಳಗು ಮಾಡಿದರು. ಹಗಲಾದ ಮೇಲೆ ಸ್ಪೆಷಲ್ ರೂಮಿಗೆ ವಾಪಸ್ ಹೋಗೋಣವಾ ಅಂತ ಕೇಳಿದೆ, ಬೇಡ ಅಂತ ತಲೆ ಆಡಿಸಿದರು. ಪಕ್ಕದ ಮಂಚದ ನ್ಯಾಮತಿ ಕಡೆಯ ಅಜ್ಜಿ ಅಷ್ಟು ಹೊತ್ತಿಗೆ ನಮ್ಮಜ್ಜಿಯ ಮಾತ್ರೆ ಟೈಮನ್ನ ನನಗಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದರು. ಒಂದು ಮಧ್ಯಾಹ್ನ ನಾನು ಊಟಕ್ಕೆ ಹೋದಾಗ ಡ್ರಿಪ್ ಮುಗಿದು ನಳಿಗೆಗೆ ರಕ್ತ ಏರುತ್ತಿದ್ದದ್ದನ್ನು ನೋಡಿ ಸಿಸ್ಟರ್‌ನ ಕೂಗಿ ಕರೆದದ್ದೂ ಅವರೇ.

ನೈಟಿಂಗೇಲ್ ಕೊನೆಯ ಹತ್ತು ವರ್ಷ ಕಣ್ಣು ಕಾಣದೆ, ನೆನಪೂ ಮಸುಕಾಗಿ ಕಳೆದಳು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಕೊಟ್ಟರು, ಒಬ್ಬ ಹೆಂಗಸಿಗೆ ಅದು ಸಿಕ್ಕಿದ್ದು ಅದೇ ಮೊದಲು. ಏನು ಕೊಟ್ಟರು ಅಂತ ಆಕೆಗೆ ಪೂರ್ತಿ ಗೊತ್ತಾಯಿತೋ ಇಲ್ಲವೋ. 1910ರ ಆಗಸ್ಟ್ 13ರಂದು ಲಂಡನ್ನಿನ ಸೌತ್ ಸ್ಟ್ರೀಟ್‌ನ ತನ್ನ ರೂಮಿನಲ್ಲಿ ತೀರಿಕೊಂಡಾಗ ತೊಂಬತ್ತು ವರ್ಷ. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ, ದೊಡ್ಡವರ ಸಾಲಿನಲ್ಲಿ ಮಣ್ಣು ಮಾಡೋಣ ಅಂತ ಸರ್ಕಾರ ಕೇಳಿತು, ಮನೆಯವರು ಆಕೆಯ ಇಚ್ಛೆಯಂತೆ ಬೇಡ ಅಂದರು. ಈಸ್ಟ್ ವೆಲ್ಲೋ ಅನ್ನೋ ಹಳ್ಳಿಯ ಚರ್ಚಿನ ಅಂಗಳದಲ್ಲಿ, ಅಪ್ಪ ಅಮ್ಮನ ಪಕ್ಕದಲ್ಲಿ ಮಲಗಿಸಿದರು. ಕಲ್ಲಿನ ಮೇಲೆ ಪೂರ್ತಿ ಹೆಸರೂ ಇಲ್ಲ. ಎಫ್. ಎನ್. ಅನ್ನೋ ಎರಡು ಅಕ್ಷರ, ಹುಟ್ಟಿದ ದಿನ, ಸತ್ತ ದಿನ.